ಎಲ್ಲಾ ಗುಡಿಗಳೂ ಒಂದೇ ಥರ ಕಾಣುತ್ತವೆಯೇ? ಮೊದಲು ಕಲ್ಲು ನೋಡಿ

ಪ್ರಶ್ನೆ: ಹೋದ ಡಿಸೆಂಬರ್ ರಜೆಯಲ್ಲಿ ಮನೆಯವರೆಲ್ಲಾ ಕಾರಿನಲ್ಲಿ ಹೊರಟು 5 ದಿನಕ್ಕೆ 11 ದೇವಸ್ಥಾನ ನೋಡಿ ಬಂದೆವು. ಬೇಲೂರು, ಹಳೇಬೀಡಿನಿಂದ ಶುರುವಾಗಿ ತಂಜಾವೂರು, ಮಧುರೆವರೆಗೆ. ಮೂರನೇ ದಿನಕ್ಕೆ 12 ವರ್ಷದ ಮಗಳು "ಎಲ್ಲಾ ಒಂದೇ ಥರ ಇದೆಯಲ್ಲಪ್ಪಾ" ಅಂದಳು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಗೈಡ್‌ಗಳು ಪುರಾಣದ ಕಥೆ ಹೇಳುತ್ತಾರೆ, ಕಟ್ಟಡದ ಬಗ್ಗೆ ಹೇಳುವುದು ಕಡಿಮೆ. ಹಳೆಯ ದೇವಸ್ಥಾನಗಳನ್ನು ಹೇಗೆ ನೋಡಬೇಕು, ಎಲ್ಲಿಂದ ಶುರುಮಾಡಬೇಕು? 70 ದಾಟಿದ ಅಮ್ಮನೂ ಜೊತೆಗೆ ಬರುತ್ತಾರೆ.

ಉತ್ತರ: ನಿಮ್ಮ ಮಗಳ ತಪ್ಪೇನೂ ಇಲ್ಲ. 5 ದಿನಕ್ಕೆ 11 ಗುಡಿ ಸುತ್ತಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ನಾನೂ ಕಾಲೇಜಿನಲ್ಲಿದ್ದಾಗ ಬಸ್ಸಿನಲ್ಲಿ ಹೀಗೇ ಒಂದು ಸುತ್ತು ಹೋಗಿ ಬಂದವನು. ಆಮೇಲೆ ರೀಲು ತೊಳೆಸಿ ಫೋಟೋ ಹರಡಿಕೊಂಡು ಕೂತರೆ ಯಾವ ಕಂಬ ಯಾವ ಊರಿನದ್ದು ಅಂತ ಗುರುತೇ ಸಿಗಲಿಲ್ಲ. ಇಡೀ ಪ್ರವಾಸದಲ್ಲಿ ನೆನಪಿಗೆ ಉಳಿದಿದ್ದು ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಕುಣಿದದ್ದು ಮಾತ್ರ.

ಈಗ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಮೂರ್ತಿ ನೋಡುವ ಮೊದಲು ಕಲ್ಲು ನೋಡಿ. ಈ ಗುಡಿಯನ್ನು ಯಾವುದರಿಂದ ಕಟ್ಟಿದ್ದಾರೆ ಅನ್ನುವುದೇ ಮೊದಲ ಪ್ರಶ್ನೆ. ಯಾವ ಅರಸ, ಯಾವ ಶತಮಾನ ಎಂಬುದೆಲ್ಲಾ ಆಮೇಲೆ ಬಂದರೂ ನಡೆಯುತ್ತದೆ.

ಬೇಲೂರಿನ ಚೆನ್ನಕೇಶವ ಗುಡಿ ಬಳಪದ ಕಲ್ಲಿನದು. ನಾವು ಶಾಲೆಯಲ್ಲಿ ಸ್ಲೇಟಿನ ಮೇಲೆ ಗೀಚುತ್ತಿದ್ದ ಬಳಪ ನೆನಪಿದೆ ಅಲ್ವಾ, ಅದೇ ಜಾತಿ. ನೆಲದಿಂದ ಕಿತ್ತಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಅಕ್ಕಸಾಲಿಗನ ಕೆಲಸವನ್ನು ಕಲ್ಲಿನಲ್ಲಿ ಮಾಡಲು ಆಯಿತು. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರಲ್ಲಿ ಯಾರನ್ನಾದರೂ ಒಬ್ಬಳನ್ನು ಆರಿಸಿಕೊಂಡು ಐದು ನಿಮಿಷ ನೋಡಿ. ತಲೆಯ ಮೇಲಿನ ಬಳ್ಳಿಯ ಚಪ್ಪರವನ್ನು ಹಿಂದಿನಿಂದಲೂ ಕೊರೆದು ಬಿಡಿಸಿದ್ದಾರೆ. ಬೆಳಕು ಎಲೆಗಳ ನಡುವೆ ತೂರಿಬಂದು ಅವಳ ಹಣೆಯ ಮೇಲೆ ಬೀಳುತ್ತದೆ. ಆಮೇಲೆ ಒಳಗೆ ಹೋಗಿ ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದ ಕಂಬಗಳನ್ನು ನೋಡಿ. ಹಲವು ಕಂಬಗಳಲ್ಲಿ ಬಳೆ ಬಳೆಯಾಗಿ ಗೆರೆಗಳಿವೆ. ಮರದ ಬುಗುರಿ ಕಡೆದ ಹಾಗೆ ಕಲ್ಲನ್ನು ತಿರುಗಿಸಿ ಕಡೆದದ್ದರ ಗುರುತು ಅದು.

ಈಗ ತಂಜಾವೂರನ್ನು ನೆನಪು ಮಾಡಿಕೊಳ್ಳಿ. ಅಲ್ಲಿರುವುದು ಗ್ರಾನೈಟು. ಉಳಿಗೆ ಸುಲಭವಾಗಿ ಬಗ್ಗುವ ಕಲ್ಲಲ್ಲ. ಬೇಲೂರಿನ ಥರ ಜರಿ ಕೆಲಸ ಮಾಡಲು ಹೋದರೆ ಜೀವಮಾನವೇ ಸಾಲದು. ಅದಕ್ಕೇ ಚೋಳರ ಶಿಲ್ಪಿಗಳು ಬೇರೆ ದಾರಿ ಹಿಡಿದರು. ದೊಡ್ಡ ದೊಡ್ಡ ಗೋಡೆ, ಸ್ಪಷ್ಟವಾದ ಗೆರೆ, ನಡುನಡುವೆ ಗೂಡಿನಲ್ಲಿ ಒಂಟಿ ಮೂರ್ತಿ, ಆಮೇಲೆ ಎತ್ತರ. ರಾಜರಾಜ 1010ರಲ್ಲಿ ಮುಗಿಸಿದ ಬೃಹದೀಶ್ವರದ ವಿಮಾನ, ಅಂದರೆ ಗರ್ಭಗುಡಿಯ ಮೇಲೆ ಏರಿರುವ ಕಟ್ಟಡ, 60 ಮೀಟರಿಗಿಂತ ಎತ್ತರವಿದೆ. ಅಲ್ಲಿ ಹತ್ತಿರ ಹೋಗಿ ಕೆತ್ತನೆ ಹುಡುಕಿದರೆ ಬೇಲೂರು ನೋಡಿ ಬಂದವರಿಗೆ ನಿರಾಸೆ ಆಗಬಹುದು. ಹಿಂದೆ ಹಿಂದೆ ಬಂದು, ಅಂಗಳದ ಮೂಲೆಯಲ್ಲಿ ನಿಂತು ನೋಡಬೇಕು. ಒಂದು ಗುಡಿ ಕಣ್ಣಿನ ಹತ್ತಿರಕ್ಕೆ, ಇನ್ನೊಂದು ದೂರಕ್ಕೆ. ಎರಡನ್ನೂ ಒಂದೇ ಜಾಗದಲ್ಲಿ ನಿಂತು ನೋಡಿದರೆ ಎಲ್ಲಾ ಒಂದೇ ಥರ ಕಾಣದೆ ಇನ್ನೇನು?

ಬಾದಾಮಿ, ಐಹೊಳೆ, ಪಟ್ಟದಕಲ್ಲಿನದು ಕೆಂಪು ಮರಳುಗಲ್ಲು. ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಕೊರೆಯುವುದಕ್ಕೂ ಸಲೀಸು. ಹಾಗಾಗಿ ಅಲ್ಲಿ ಗುಡ್ಡ ಕೊರೆದು ಗುಹೆ ಮಾಡುವ ಕೆಲಸ, ಚಪ್ಪಡಿ ಜೋಡಿಸಿ ಗುಡಿ ಕಟ್ಟುವ ಕೆಲಸ ಎರಡೂ ನಡೆದವು. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆ, ಚಾಲುಕ್ಯರ ಮಂಗಳೇಶ ಬರೆಸಿದ್ದು. ತೆಲಂಗಾಣದ ಪಾಲಂಪೇಟೆಯ ರಾಮಪ್ಪ ಗುಡಿಯಲ್ಲಿ (ಅಲ್ಲಿನ ಶಾಸನ 1213ರದ್ದು) ಶಿಖರಕ್ಕೆ ನೀರಿನಲ್ಲಿ ತೇಲುವಷ್ಟು ಹಗುರಾದ ಇಟ್ಟಿಗೆ ಬಳಸಿದ್ದಾರೆ. ದೇವರ ಹೆಸರನ್ನೋ ಅರಸನ ಹೆಸರನ್ನೋ ಬಿಟ್ಟು ಶಿಲ್ಪಿಯ ಹೆಸರಿನಿಂದ ಜನ ಕರೆಯುವ ಗುಡಿ ಅದು. ಕೇರಳಕ್ಕೆ ಹೋದರೆ ಕಲ್ಲೇ ಹಿಂದೆ ಸರಿಯುತ್ತದೆ. ಮುರಕಲ್ಲಿನ ಗೋಡೆ, ಮರದ ತೊಲೆ, ಹೆಂಚು ಇಲ್ಲವೇ ತಾಮ್ರದ ತಗಡಿನ ಇಳಿಜಾರು ಮಾಡು (ಛಾವಣಿ). ತಿಂಗಳುಗಟ್ಟಲೆ ಸುರಿಯುವ ಮಳೆಯೇ ಅಲ್ಲಿನ ವಾಸ್ತುಶಿಲ್ಪಿ ಅನ್ನಬಹುದು. ನಮ್ಮ ಕರಾವಳಿಯಲ್ಲೂ ಇದೇ ಮಾಡು ಕಾಣುತ್ತದೆ. ಭಟ್ಕಳದ ಹಳೆಯ ಗುಡಿಗಳಲ್ಲಿ ಮರದ ಹಲಗೆ ಹೊದಿಸಿದ ಹಾಗೆ ಕಲ್ಲಿನ ಚಪ್ಪಡಿಯನ್ನೇ ಇಳಿಜಾರಾಗಿ ಹೊದಿಸಿದ್ದಾರೆ.

ಮರದ ಮಾತು ಬಂತು, ಇಲ್ಲೊಂದು ಗುಟ್ಟಿದೆ. ಕಲ್ಲಿನ ಗುಡಿ ಕಟ್ಟಿದವರು ಅದಕ್ಕೂ ಮೊದಲಿದ್ದ ಮರ, ಹುಲ್ಲು, ಬಿದಿರಿನ ಕಟ್ಟಡಗಳನ್ನು ಮರೆತಿರಲಿಲ್ಲ. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆ ನೋಡಿ. ಇಳಿಜಾರಾದ ಚಪ್ಪಡಿಗಳ ಸಂದಿನ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಥೇಟ್ ಮರದ ದಿಮ್ಮಿಯ ಹಾಗೆ. ಮಾಮಲ್ಲಪುರಕ್ಕೆ ಹೋದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿನ ಪಂಚರಥಗಳು ಪಲ್ಲವರು ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದವು, ಕೆಲಸ ಪೂರ್ತಿ ಮುಗಿದೂ ಇಲ್ಲ. ದ್ರೌಪದಿ ರಥ ಒಂದು ಹುಲ್ಲಿನ ಗುಡಿಸಲು. ಭೀಮ ರಥದ ಮಾಡು ಕಮಾನು ಕಟ್ಟಿದ ಎತ್ತಿನ ಗಾಡಿಯ ಥರ ಉದ್ದಕ್ಕಿದೆ. ನಕುಲ ಸಹದೇವ ರಥದ ಹಿಂಭಾಗ ದುಂಡಗಿದೆ. ಇದಕ್ಕೆ ಗಜಪೃಷ್ಠ, ಅಂದರೆ ಆನೆಯ ಬೆನ್ನು ಅಂತ ಹೆಸರು. ಶಿಲ್ಪಿಗೆ ನಮ್ಮ ಮೇಲೆ ನಂಬಿಕೆ ಇರಲಿಲ್ಲವೋ ಏನೋ, ಪಕ್ಕದಲ್ಲೇ ಕಲ್ಲಿನಲ್ಲಿ ಒಂದು ಆನೆಯನ್ನೂ ನಿಲ್ಲಿಸಿದ್ದಾನೆ! ಮಗಳಿಗೆ ಈ ಮೂರು ಆಕಾರ ತೋರಿಸಿಬಿಡಿ. ಆಮೇಲೆ ದಕ್ಷಿಣದ ಯಾವುದೇ ವಿಮಾನದ ಮುಂದೆ ನಿಲ್ಲಿಸಿ. ಅಂತಸ್ತು ಅಂತಸ್ತಾಗಿ ಸಾಲು ನಿಂತಿರುವ ಪುಟ್ಟ ಗುಡಿಸಲು, ಪುಟ್ಟ ಗಾಡಿಮಾಡುಗಳನ್ನು ಅವಳೇ ಎಣಿಸುತ್ತಾಳೆ.

ಉತ್ತರದ ಶೈಲಿ, ದಕ್ಷಿಣದ ಶೈಲಿ ಅಂತ ಗೈಡ್‌ಗಳು ಹೇಳುತ್ತಾರಲ್ಲ, ಅದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಪಟ್ಟದಕಲ್ಲಿನಲ್ಲಿ ಒಂದು ಹುಲ್ಲುಹಾಸಿನ ಮೇಲೆ ನಿಂತು ನೋಡುವುದು ವಾಸಿ. ಗಳಗನಾಥ ಗುಡಿಯ ಶಿಖರ ಬಾಗುತ್ತಾ ಮೇಲಕ್ಕೆ ಹೋಗುತ್ತದೆ. ಈ ಜಾತಿಯ ಶಿಖರದ ನೆತ್ತಿಯಲ್ಲಿ ಗೀರು ಗೀರಾದ ಚಪ್ಪಟೆ ಕಲ್ಲು ಇರುತ್ತದೆ. ಅದಕ್ಕೆ ಆಮಲಕ, ಅಂದರೆ ನೆಲ್ಲಿಕಾಯಿ ಅಂತ ಹೆಸರು. ಬಾಗುತ್ತಾ ಹೋಗಿ ನೆಲ್ಲಿಕಾಯಿ ಕಂಡರೆ ಉತ್ತರದ್ದು. ಅಲ್ಲಿಂದ ಸ್ವಲ್ಪ ನಡೆದರೆ ವಿರೂಪಾಕ್ಷ ಗುಡಿ. ಮೆಟ್ಟಿಲು ಮೆಟ್ಟಿಲಾಗಿ ಅಂತಸ್ತು, ಮೇಲೆ ಗುಮ್ಮಟದಂಥ ತಲೆ. ಇದು ದಕ್ಷಿಣದ್ದು.

ಈ ವಿರೂಪಾಕ್ಷ ಗುಡಿಯ ಹಿಂದೆ ಒಂದು ಸೊಗಸಾದ ಕಥೆ ಇದೆ, ಪುರಾಣವಲ್ಲ. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಗೆದ್ದವನು ಅಲ್ಲಿನ ಕೈಲಾಸನಾಥ ಗುಡಿಯನ್ನು ಲೂಟಿ ಮಾಡಲಿಲ್ಲ. ಸಂಪತ್ತನ್ನು ದೇವರಿಗೇ ಬಿಟ್ಟು, ಹಾಗಂತ ಕನ್ನಡದಲ್ಲಿ ಅಲ್ಲಿನ ಕಂಬದ ಮೇಲೆ ಬರೆಸಿದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ 8ನೇ ಶತಮಾನದ ನಡುವಿಗೆ ಪಟ್ಟದಕಲ್ಲಿನಲ್ಲಿ ಈ ಗುಡಿ ಕಟ್ಟಿಸಿದಳು. ಕಂಚಿಯದ್ದನ್ನೂ ಇದನ್ನೂ ನೋಡಿದವರಿಗೆ ನೆಂಟಸ್ತನ ಗೊತ್ತಾಗುತ್ತದೆ. ಇಲ್ಲಿನ ಶಾಸನದಲ್ಲಿ ಶಿಲ್ಪಿಗಳ ಹೆಸರೂ ಇದೆ. ಸರ್ವಸಿದ್ಧಿ ಆಚಾರಿಯನ್ನು 'ತೆಂಕಣ ದಿಸೆಯ ಸೂತ್ರಧಾರಿ' ಅಂತ ಕರೆದಿದ್ದಾರೆ. ದಕ್ಷಿಣ ದಿಕ್ಕಿನ ಸೂತ್ರಧಾರಿ! ನನಗೆ ಈ ಮೂರು ಪದ ಓದಿದಾಗಲೆಲ್ಲಾ ಖುಷಿಯಾಗುತ್ತದೆ.

ನೀವು ಮಧುರೆಯನ್ನೂ ನೋಡಿದ್ದೀರಿ. ಹಾಗಾಗಿ ಗೋಪುರದ ಬಗ್ಗೆ ಎರಡು ಮಾತು. ನಾವು ಕನ್ನಡದಲ್ಲಿ ಎತ್ತರವಾಗಿ ಕಂಡಿದ್ದಕ್ಕೆಲ್ಲಾ ಗೋಪುರ ಅಂದುಬಿಡುತ್ತೇವೆ. ಗರ್ಭಗುಡಿಯ ಮೇಲಿರುವುದು ವಿಮಾನ, ಬಾಗಿಲಿನ ಮೇಲಿರುವುದು ಗೋಪುರ. ತಂಜಾವೂರಿನಲ್ಲಿ ವಿಮಾನ ದೊಡ್ಡದು, ಬಾಗಿಲು ಚಿಕ್ಕದು. ಮಧುರೆಯಲ್ಲಿ, ಶ್ರೀರಂಗದಲ್ಲಿ ತಿರುಗುಮುರುಗು. ಹೊರಗಿನ ಗೋಪುರ ಮುಗಿಲು ಮುಟ್ಟುತ್ತದೆ, ಒಳಗೆ ಹೋದಷ್ಟೂ ಕಟ್ಟಡ ಗಿಡ್ಡ. ಯಾಕೆ? ಮೂಲ ಗರ್ಭಗುಡಿ ಹಳೆಯದು, ಸಣ್ಣದು, ಅದನ್ನು ಕೆಡವಿ ದೊಡ್ಡದು ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಬಂದ ಅರಸರೆಲ್ಲಾ ಸುತ್ತಲೂ ಒಂದೊಂದು ಪ್ರಾಕಾರ (ಸುತ್ತುಗೋಡೆ), ಒಂದೊಂದು ಬಾಗಿಲು ಸೇರಿಸುತ್ತಾ ಹೋದರು. ಹಿಂದಿನವನಿಗಿಂತ ತನ್ನದು ಎತ್ತರವಾಗಬೇಕು ಅನ್ನುವ ಹಂಬಲ ಬೇರೆ. ಶ್ರೀರಂಗದಲ್ಲಿ ಹೀಗೆ 7 ಪ್ರಾಕಾರಗಳಾದವು. ಅರ್ಧಕ್ಕೇ ನಿಂತಿದ್ದ ಅಲ್ಲಿನ ರಾಜಗೋಪುರ ಮುಗಿದದ್ದು 1987ರಲ್ಲಿ, ನಮ್ಮ ಕಾಲದಲ್ಲೇ. ಇಷ್ಟೆತ್ತರದ್ದನ್ನು ಪೂರ್ತಿ ಕಲ್ಲಿನಲ್ಲಿ ಏರಿಸುವುದು ಕಷ್ಟ. ಹಾಗಾಗಿ ಕೆಳಗಿನ ಭಾಗ ಮಾತ್ರ ಕಲ್ಲು, ಮೇಲೆಲ್ಲಾ ಇಟ್ಟಿಗೆ, ಗಾರೆ. ಮಧುರೆಯ ಬಣ್ಣದ ಗೊಂಬೆಗಳು ಗಾರೆಯವು, ಅದಕ್ಕೇ ಕುಂಭಾಭಿಷೇಕ ಬಂದಾಗಲೆಲ್ಲಾ ಹೊಸ ಬಣ್ಣ. "ಹಳೇ ಗುಡಿಗೆ ಪೇಂಟ್ ಹೊಡೆದು ಹಾಳುಮಾಡಿದ್ದಾರೆ" ಅಂತ ಗೊಣಗುವವರು ಇದನ್ನು ಗಮನಿಸಿರುವುದಿಲ್ಲ.

ಇನ್ನು ಗುಡಿಯ ಮುಂದೆ ನಿಂತಾಗ ಏನು ಮಾಡಬೇಕು? ನಾನು ಮಾಡುವುದು ಹೀಗೆ. ಮೊದಲ ಸುತ್ತಿಗೆ ಮೊಬೈಲ್ ಜೇಬಿನಲ್ಲೇ. ಸುಮ್ನೆ ಒಂದು ಪ್ರದಕ್ಷಿಣೆ ಬರುವುದು. ಎರಡನೇ ಸುತ್ತಿಗೆ ಕೆಳಗಿನಿಂದ ಮೇಲಕ್ಕೆ ಓದುವುದು. ನಮ್ಮ ಕಣ್ಣು ಮೊದಲು ಮೂರ್ತಿಗೆ ಹೋಗುತ್ತದೆ, ಬುಡ ಯಾರೂ ನೋಡುವುದಿಲ್ಲ. ಆದರೆ ಮಜಾ ಇರುವುದೇ ಬುಡದಲ್ಲಿ. ಹಳೇಬೀಡಿನಲ್ಲಿ ಅಡಿಯ ಸಾಲು ಆನೆ. ಇಡೀ ಗುಡಿಯ ಭಾರ ಹೊತ್ತವರು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಆಮೇಲೆ ರಾಮಾಯಣ, ಮಹಾಭಾರತದ ಕಥೆಗಳ ಸಾಲು, ಅದರ ಮೇಲೆ ಮಕರ, ಹಂಸ. ಆನೆಗಳನ್ನು ಸ್ವಲ್ಪ ಹೊತ್ತು ನೋಡಿ, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಸೊಂಡಿಲು ಮುಂದಿನದರ ಬಾಲಕ್ಕೆ ಹೋಗಿರುತ್ತದೆ, ಇನ್ನೊಂದು ತಲೆ ಹೊರಳಿಸಿರುತ್ತದೆ. ಹಳೇಬೀಡಿಗೆ ಮಧ್ಯಾಹ್ನದ ಮೇಲೆ ಹೋಗುವುದು ಒಳ್ಳೆಯದು. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ದೊಡ್ಡ ಮೂರ್ತಿಗಳ ಸಾಲು ಹಿಂಬದಿಯ ಗೋಡೆಯಲ್ಲಿದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಕೆತ್ತನೆ ಎದ್ದು ನಿಲ್ಲುತ್ತದೆ. ನಡುಮಧ್ಯಾಹ್ನ ಅದೇ ಗೋಡೆ ಸಪ್ಪೆ.

ಮಗಳಿಗೆ ಒಂದು ಆಟ ಹೇಳಿಕೊಡಿ. ಗರ್ಭಗುಡಿಯ ಅಭಿಷೇಕದ ನೀರು ಎಲ್ಲಿಂದ ಹೊರಬರುತ್ತದೆ, ಹುಡುಕು ಅನ್ನಿ. ಹೊರಗೋಡೆಯ ಬುಡದಲ್ಲಿ ಒಂದು ಕಲ್ಲಿನ ದೋಣಿ ಚಾಚಿಕೊಂಡಿರುತ್ತದೆ, ಕೆಲವು ಕಡೆ ಮಕರದ ಬಾಯಿಂದ. ಪೂರ್ವಕ್ಕೆ ಮುಖ ಮಾಡಿದ ಗುಡಿಯಲ್ಲಿ ಅದು ಉತ್ತರದ ಗೋಡೆಯಲ್ಲಿರುವುದು ರೂಢಿ. ದಿಕ್ಸೂಚಿ ಇಲ್ಲದೆ ಉತ್ತರ ಸಿಕ್ಕಿಬಿಡುತ್ತದೆ.

ಒಳಗೆ ಹೋದ ಮೇಲೆ ಒಮ್ಮೆ ಕತ್ತೆತ್ತಿ. ಸೋಮನಾಥಪುರದ ಕೇಶವ ಗುಡಿಯಲ್ಲಿ 16 ಭುವನೇಶ್ವರಿಗಳಿವೆ, ಅಂದರೆ ಕೆತ್ತನೆಯ ಒಳಛಾವಣಿಗಳು. ಕೆಲವುಗಳಲ್ಲಿ ನಡುವಿನಿಂದ ಬಾಳೆಮೊಗ್ಗು ಇಳಿಬಿದ್ದಿರುತ್ತದೆ. ಒಂದು ಸಣ್ಣ ಟಾರ್ಚ್ ಇಟ್ಟುಕೊಂಡಿರಿ. ಸಾಧ್ಯವಾದರೆ ದುರ್ಬೀನೂ ಇರಲಿ. ನನ್ನ ಚೀಲದಲ್ಲಿ ಕ್ಯಾಮೆರಾ ಇಲ್ಲದ ದಿನ ಉಂಟು, ದುರ್ಬೀನಿಲ್ಲದ ದಿನ ಇಲ್ಲ. ಹೊಯ್ಸಳ ಗುಡಿಗಳಲ್ಲಿ ಮೂರ್ತಿಯ ಕಾಲಬುಡದಲ್ಲಿ ಶಿಲ್ಪಿಯ ಸಹಿ ಹುಡುಕಲು ಅದು ಬೇಕೇ ಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಬಿಟ್ಟುಹೋಗಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹಳೆಗನ್ನಡ ಲಿಪಿ ಮೊದಲು ತೊಡಕು ಅನ್ನಿಸಿದರೂ 'ಮ' ಮತ್ತು 'ಲ್ಲ' ಕಣ್ಣಿಗೆ ಕೂತರೆ ಆಮೇಲೆ ಸಲೀಸು.

ತಂಜಾವೂರಿನ ಬುಡವನ್ನೂ ಹೀಗೇ ನೋಡಿ. ವಿಮಾನದ ಅಧಿಷ್ಠಾನದ, ಅಂದರೆ ಬುಡದ ಪೀಠದ ತುಂಬಾ ತಮಿಳು ಅಕ್ಷರ. ಹೆಚ್ಚಿನದು ಹೊಗಳಿಕೆಯ ಕಾವ್ಯವಲ್ಲ, ಪಕ್ಕಾ ಲೆಕ್ಕದ ಪುಸ್ತಕ. ಯಾರು ಯಾವ ಒಡವೆ ಕೊಟ್ಟರು, ಎಷ್ಟು ತೂಕ, ದೀಪಕ್ಕೆ ತುಪ್ಪ ಎಲ್ಲಿಂದ ಬರಬೇಕು. ರಾಜರಾಜ ಬೇರೆ ಬೇರೆ ಊರಿನ ಗುಡಿಗಳಿಂದ ಕರೆತಂದ ಸುಮಾರು 400 ನರ್ತಕಿಯರಿಗೆ ಮನೆ, ಭತ್ತದ ಪಾಲು ಕೊಟ್ಟ ವಿವರವೂ ಹೆಸರು ಸಮೇತ ಅಲ್ಲಿದೆ. ಓದಲು ಬರದಿದ್ದರೂ ಪರವಾಗಿಲ್ಲ. ಗೋಡೆಯೇ ಕಡತ ಅಂತ ಗೊತ್ತಾದರೆ ನೋಡುವ ರೀತಿ ಬದಲಾಗುತ್ತದೆ.

ಗೈಡ್‌ಗಳ ವಿಚಾರ ಕೇಳಿದ್ದೀರಿ. ತಂಜಾವೂರಿನ ವಿಮಾನದ ನೆರಳು ನೆಲಕ್ಕೆ ಬೀಳುವುದೇ ಇಲ್ಲ ಅಂತ ನಿಮಗೂ ಹೇಳಿರಬೇಕು. ಬೆಳಿಗ್ಗೆಯೋ ಸಂಜೆಯೋ ಹೋಗಿ, ಅದೇ ನೆರಳಿನಲ್ಲಿ ಜನ ಕೂತು ಪುಳಿಯೋಗರೆ ತಿನ್ನುತ್ತಿರುತ್ತಾರೆ! ನೆರಳಿನದೇ ನಿಜವಾದ ಬೆರಗು ಬೇಕಿದ್ದರೆ ಹಂಪಿಯ ವಿರೂಪಾಕ್ಷ ಗುಡಿಗೆ ಹೋಗಿ. ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಗೋಡೆಯ ಮೇಲೆ ಮುಂದಿನ ದೊಡ್ಡ ಗೋಪುರ ತಲೆಕೆಳಗಾಗಿ ಮೂಡಿರುತ್ತದೆ. ಎದುರಿನ ಸಣ್ಣ ಕಿಂಡಿಯಿಂದ ಬರುವ ಬೆಳಕಿನ ಆಟ, ಶಾಲೆಯಲ್ಲಿ ಹೇಳಿಕೊಡುವ ಸೂಜಿರಂಧ್ರ ಕ್ಯಾಮೆರಾ ಅಷ್ಟೇ. ಹಂಪಿಯ ವಿಠಲ ಗುಡಿಯ ಸಂಗೀತದ ಕಂಬಗಳನ್ನು ಮಾತ್ರ ತಟ್ಟಬೇಡಿ. ತಟ್ಟಿ ತಟ್ಟಿಯೇ ಅವು ಹಾಳಾಗುತ್ತಿವೆ, ಈಗ ನಿಷೇಧವೂ ಇದೆ.

ಪೂಜೆ ಇರುವ ಗುಡಿ, ಪೂಜೆ ಇಲ್ಲದ ಗುಡಿ ಅಂತ ಮೊದಲೇ ಬೇರೆ ಮಾಡಿಕೊಳ್ಳಿ. ಪೂಜೆ ನಡೆಯುವ ಕಡೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ತಮಿಳುನಾಡಿನಲ್ಲಿ 12ರ ಸುಮಾರಿಗೆ ಮುಚ್ಚಿದರೆ ತೆರೆಯುವುದು ಸಂಜೆ 4ಕ್ಕೆ. ಕೇರಳದ ಹಲವು ಗುಡಿಗಳಲ್ಲಿ ಗಂಡಸರು ಅಂಗಿ ತೆಗೆದು ಪಂಚೆಯಲ್ಲೇ ಒಳಗೆ ಹೋಗಬೇಕು. ತಮಿಳುನಾಡಿನ ದೇವಸ್ಥಾನಗಳಲ್ಲಿ ಮೊಬೈಲ್ ನಿಷೇಧಿಸುವಂತೆ 2022ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದೆ. ಹಾಗಾಗಿ ಕೌಂಟರಿನಲ್ಲಿ ಇಟ್ಟು ಹೋಗುವುದಕ್ಕೆ ತಯಾರಾಗಿರಿ. ಪಟ್ಟದಕಲ್ಲಿನ ಬಹುಪಾಲು ಗುಡಿಗಳು, ಸೋಮನಾಥಪುರ ಪುರಾತತ್ವ ಇಲಾಖೆಯವು. ಅಲ್ಲಿ ಟಿಕೆಟ್ ತೆಗೆದುಕೊಂಡು ಹಗಲೆಲ್ಲಾ ಆರಾಮಾಗಿ ನೋಡಬಹುದು. ಎಲ್ಲಿಗೆ ಹೋದರೂ ಒಂದು ಜೊತೆ ದಪ್ಪ ಕಾಲುಚೀಲ ಜೊತೆಗಿರಲಿ. ಕಾದ ಕಲ್ಲಿನ ಪಾಠ ನನಗೆ ಆಗಲೇ ಆಗಿದೆ, ನಿಮಗೂ ಯಾಕೆ?

ಎಲ್ಲಿಂದ ಶುರುಮಾಡಬೇಕು ಅಂದರೆ ಸೋಮನಾಥಪುರ. ಮೈಸೂರಿನಿಂದ ಒಂದು ಗಂಟೆ ದಾರಿ. 13ನೇ ಶತಮಾನದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು. ಬೇಲೂರು, ಹಳೇಬೀಡಿನ ಗುಡಿಗಳಿಗೆ ಈಗ ಶಿಖರವಿಲ್ಲ. ಇಲ್ಲಿ ಮೂರಕ್ಕೆ ಮೂರೂ ಉಳಿದಿವೆ. ಬುಡದಿಂದ ನೆತ್ತಿವರೆಗೆ ಹೊಯ್ಸಳ ಗುಡಿ ಹೇಗಿತ್ತು ಅಂತ ಇಲ್ಲೇ ಪೂರ್ತಿ ಕಾಣುತ್ತದೆ. ಗುಡಿ ಚಿಕ್ಕದು, ಅಮ್ಮನಿಗೂ ಆಯಾಸವಿಲ್ಲ. ಜಗತಿ (ಗುಡಿ ನಿಂತಿರುವ ಕಟ್ಟೆ) ಹತ್ತಲು ನಾಲ್ಕಾರು ಮೆಟ್ಟಿಲು, ಸುತ್ತಲಿನ ಕೈಸಾಲೆಯಲ್ಲಿ ಕೂರಲು ನೆರಳು. ಅರ್ಧ ದಿನ ಕೊಡಿ. ಅವತ್ತು ಇನ್ನೊಂದು ಗುಡಿ ಬೇಡ.

ಮುಂದಿನ ರಜೆಗೆ ಬಾದಾಮಿಯಲ್ಲಿ ರೂಮು ಮಾಡಿ ಮೂರು ದಿನ ಉಳಿಯಿರಿ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಒಂದು ದಿನ ಐಹೊಳೆ, ಒಂದು ದಿನ ಪಟ್ಟದಕಲ್ಲು, ಒಂದು ದಿನ ಬಾದಾಮಿಗೇ. ಪಟ್ಟದಕಲ್ಲು ಸಮತಟ್ಟು, ಅಮ್ಮ ನಿಧಾನವಾಗಿ ನಡೆಯಬಹುದು. ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಜಾಸ್ತಿ. ಅವರು ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನನ್ನು ನೋಡಿ ಅಲ್ಲೇ ಕೂರಲಿ, ನೀವಿಬ್ಬರೂ ಮೇಲಕ್ಕೆ ಹೋಗಿ ಬನ್ನಿ. ಸಂಜೆಗೆ ಎಲ್ಲರೂ ಕೆರೆ ದಂಡೆಯಲ್ಲಿ ನಡೆದು ಭೂತನಾಥ ಗುಡಿಗೆ ಹೋಗಿ. ಅದು ಪಶ್ಚಿಮಕ್ಕೆ, ನೀರಿಗೆ ಮುಖ ಮಾಡಿದೆ. ಇಳಿಬಿಸಿಲಿಗೆ ಕೆಂಪು ಕಲ್ಲು ಇನ್ನಷ್ಟು ಕೆಂಪಾಗುತ್ತದೆ. ಹಾಂ, ಬಾದಾಮಿ, ಐಹೊಳೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ರೈಲು ಬುಕ್ ಮಾಡುವಾಗ ಅದೊಂದು ನೋಡಿಕೊಳ್ಳಿ.